ಸ್ಟೀರಿಂಗ್ ತಂತ್ರಾಂಶದ ಕೈಗೆ, ಹೊಣೆ ಯಾರ ತಲೆಗೆ?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಬ್ಬರು ಟೆಸ್ಲಾ ಅಭಿಮಾನಿಗಳು ಸ್ಯಾನ್ ಡಿಯಾಗೊದಿಂದ ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ವಿದ್ಯುತ್ ಕಾರಿನಲ್ಲಿ ಹೊರಟರು. ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೂ ತಂತ್ರಾಂಶವೇ ಕಾರು ನಡೆಸಬೇಕೆಂಬುದು ಅವರ ಸಂಕಲ್ಪ. ಸುಮಾರು 60 ಮೈಲಿ ಸಾಗುವಷ್ಟರಲ್ಲಿ, ಹೆದ್ದಾರಿಯಲ್ಲಿ ಬಿದ್ದಿದ್ದ ಲೋಹದ ವಸ್ತುವೊಂದರ ಮೇಲೆ ಕಾರು ಹರಿದು ಕೆಳಭಾಗಕ್ಕೆ ಹಾನಿಯಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ವಸ್ತು ಒಳಗಿದ್ದವರ ಕಣ್ಣಿಗೆ ದೂರದಿಂದಲೇ ಬಿದ್ದಿತ್ತು. ಏನದು ಎಂದು ಮಾತನಾಡಿಕೊಂಡರೇ ಹೊರತು ಬ್ರೇಕ್ ಒತ್ತಲಿಲ್ಲ. ಕಾರೂ ಒತ್ತಲಿಲ್ಲ.

ಮೂರು ತಿಂಗಳ ಬಳಿಕ, ಅದೇ ಡಿಸೆಂಬರ್ ಕೊನೆಯಲ್ಲಿ, ಮತ್ತೊಬ್ಬ ಟೆಸ್ಲಾ ಮಾಲೀಕ ಲಾಸ್ ಏಂಜಲೀಸ್‌ನಿಂದ ದಕ್ಷಿಣ ಕೆರೊಲಿನಾದ ಮರ್ಟಲ್ ಬೀಚ್‌ವರೆಗೆ, ಸುಮಾರು 4,400 ಕಿ.ಮೀ. ದೂರವನ್ನು ಮೂರು ದಿನದೊಳಗೆ ಕ್ರಮಿಸಿದ್ದಾಗಿ, ಒಮ್ಮೆಯೂ ತಾನು ಮಧ್ಯೆ ಪ್ರವೇಶಿಸಲಿಲ್ಲವೆಂದು ಪ್ರಕಟಿಸಿದರು. ಇಂತಹ ಯಾನವನ್ನು 2017ರ ಅಂತ್ಯದೊಳಗೆ ಮಾಡಿ ತೋರಿಸುವೆನೆಂದು ಎಲಾನ್ ಮಸ್ಕ್ 2016ರಲ್ಲೇ ಹೇಳಿದ್ದರು. ಎಂಟು ವರ್ಷ ತಡವಾಯಿತು, ಅಷ್ಟೆ.

ಈ ಎರಡು ಯಾನಗಳಲ್ಲಿ ಹೆಚ್ಚು ಚಿಂತೆಗೆ ಹಚ್ಚಬೇಕಾದುದು ಯಾವುದು? ಎರಡನೆಯದೇ ಎಂದರೆ ವಿಚಿತ್ರವೆನಿಸಬಹುದು. ನೂರು ಕಿ.ಮೀ.ಗೊಮ್ಮೆ ತಪ್ಪುವ ಯಂತ್ರವನ್ನು ಯಾರೂ ನಂಬುವುದಿಲ್ಲ; ಕಣ್ಣು ರಸ್ತೆಯ ಮೇಲೇ ಇರುತ್ತದೆ. ಸಾವಿರಾರು ಕಿ.ಮೀ. ತಪ್ಪದೆ ನಡೆದ ಯಂತ್ರದ ಮುಂದೆ ಎಂತಹ ಜಾಗರೂಕನ ಕಣ್ಣೂ ಮೊಬೈಲಿನತ್ತ ಹೊರಳುತ್ತದೆ. ಕಂಪನಿ ಹೇಳುವುದು ಮಾತ್ರ ಒಂದೇ ಮಾತು: ಚಾಲಕ ಸದಾ ಎಚ್ಚರವಾಗಿರಬೇಕು. 2024ರಲ್ಲಿ ಈ ತಂತ್ರಾಂಶದ ಹೆಸರಿಗೆ ‘ಸೂಪರ್‌ವೈಸ್ಡ್’ ಎಂಬ ಬಾಲ ಸೇರಿದ್ದೂ ಇದೇ ಕಾರಣಕ್ಕೆ. ಸ್ವಯಂಚಾಲನೆಯ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಇದು ಎರಡನೇ ಹಂತದ್ದು. ಅಂದರೆ ಕಾರು ನಡೆಸುವುದು ತಂತ್ರಾಂಶ, ಕಾವಲು ಕಾಯುವುದು ಮನುಷ್ಯ. ಗಂಟೆಗಟ್ಟಲೆ ಏನೂ ಮಾಡದೆ ಕಾವಲು ಕಾಯುವುದು ಮನುಷ್ಯನಿಗೆ ಅತ್ಯಂತ ಕಷ್ಟದ ಕೆಲಸವೆಂಬುದು ರಾತ್ರಿ ಪಾಳಿಯ ವಾಚ್‌ಮನ್‌ಗೂ ಗೊತ್ತು.

ತನಿಖಾ ವರದಿಗಳು ಇದನ್ನೇ ಹೇಳುತ್ತವೆ. 2016ರ ಮೇ ತಿಂಗಳಲ್ಲಿ ಫ್ಲಾರಿಡಾದ ವಿಲಿಸ್ಟನ್ ಬಳಿ ಹೆದ್ದಾರಿ ದಾಟುತ್ತಿದ್ದ ಟ್ರಕ್ಕಿಗೆ ಟೆಸ್ಲಾ ಅಪ್ಪಳಿಸಿ ಚಾಲಕ ಸತ್ತ. ಆಟೊಪೈಲಟ್ ಚಾಲನೆಯಲ್ಲಿದ್ದ 37 ನಿಮಿಷಗಳಲ್ಲಿ ಆತನ ಕೈ ಸ್ಟೀರಿಂಗ್ ಮೇಲೆ ಇದ್ದುದಾಗಿ ದಾಖಲಾದದ್ದು 25 ಸೆಕೆಂಡು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಆಟೊಪೈಲಟ್‌ಗೆ ಸಂಬಂಧಿಸಿದ 956 ಪ್ರಕರಣಗಳನ್ನು ಪರಿಶೀಲಿಸಿ 2024ರ ಏಪ್ರಿಲ್‌ನಲ್ಲಿ ವರದಿ ನೀಡಿತು. ಸಾಕಷ್ಟು ವಿವರ ದೊರೆತ 109 ಅಪಘಾತಗಳ ಪೈಕಿ 59ರಲ್ಲಿ, ಅಡ್ಡಿಯು ಡಿಕ್ಕಿಗೆ ಐದು ಅಥವಾ ಹೆಚ್ಚು ಸೆಕೆಂಡು ಮೊದಲೇ ಕಾಣುವಂತಿತ್ತು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಐದು ಸೆಕೆಂಡೆಂದರೆ ಸುಮಾರು 140 ಮೀಟರು. ಎಚ್ಚರದಿಂದಿದ್ದ ಚಾಲಕನಿಗೆ ಅದು ಧಾರಾಳ ದೂರ.

ಹೊಣೆಯ ಲೆಕ್ಕಾಚಾರವೂ ಬದಲಾಗುತ್ತಿದೆ. 2019ರಲ್ಲಿ ಫ್ಲಾರಿಡಾದ ಕೀ ಲಾರ್ಗೊದಲ್ಲಿ, ಬಿದ್ದ ಫೋನ್ ಎತ್ತಿಕೊಳ್ಳಲು ಬಾಗಿದ ಚಾಲಕನ ಟೆಸ್ಲಾ ನಿಂತಿದ್ದ ವಾಹನಕ್ಕೆ ಗುದ್ದಿ ಯುವತಿಯೊಬ್ಬಳು ಸತ್ತಿದ್ದಳು. 2025ರ ಆಗಸ್ಟ್‌ನಲ್ಲಿ ಮಿಯಾಮಿಯ ನ್ಯಾಯದರ್ಶಿ ಮಂಡಳಿಯು ತಪ್ಪಿನ ಶೇ 33ರಷ್ಟು ಪಾಲನ್ನು ಕಂಪನಿಯ ಮೇಲೆ ಹೊರಿಸಿತು. ಟೆಸ್ಲಾ ಕೊಡಬೇಕೆಂದು ನಿಗದಿಯಾದ ಮೊತ್ತ ಸುಮಾರು 24.3 ಕೋಟಿ ಡಾಲರ್. ಉಳಿದ ಪಾಲು ಚಾಲಕನದೇ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಹೆದ್ದಾರಿಯ ಕಥೆ

ಇದು ಅಮೆರಿಕದ ಗೋಳು, ನಮಗೇಕೆ ಎನ್ನುವ ಕಾಲ ಮುಗಿದಿದೆ. ಟಾಟಾ ಹ್ಯಾರಿಯರ್, ಮಹೀಂದ್ರ ಎಕ್ಸ್‌ಇವಿ 9ಇ, ಹ್ಯುಂಡೈ ಕ್ರೆಟಾ ಇವೆಲ್ಲವುಗಳ ವಿದ್ಯುತ್ ಮಾದರಿಗಳೂ ಎರಡನೇ ಹಂತದ ಚಾಲಕ ಸಹಾಯಕ ವ್ಯವಸ್ಥೆಯೊಂದಿಗೆ ದೊರೆಯುತ್ತಿವೆ. ಟೆಸ್ಲಾದಷ್ಟು ಸಾಮರ್ಥ್ಯ ಇವಕ್ಕಿಲ್ಲ. ಮುಂದಿನ ವಾಹನದೊಂದಿಗೆ ಅಂತರ ಕಾಯ್ದುಕೊಳ್ಳುವುದು, ಲೇನ್‌ನಲ್ಲಿ ಉಳಿಯುವುದು, ತುರ್ತಿನಲ್ಲಿ ಬ್ರೇಕ್ ಹಾಕುವುದು ಮುಖ್ಯ ಕೆಲಸ. ದೂರ ಪ್ರಯಾಣದಲ್ಲಿ ಇದರ ಲಾಭವಿದೆ. ವೇಗ ಒಂದೇ ಸಮನಾಗಿದ್ದರೆ ಬ್ಯಾಟರಿ ಹೆಚ್ಚು ದೂರ ಬರುತ್ತದೆ, ಕಾಲಿನ ಸೆಳೆತವೂ ಕಡಿಮೆ. ಆದರೆ ದೇಹಕ್ಕೆ ದಣಿವು ಕಾಣದಿದ್ದ ಮಾತ್ರಕ್ಕೆ ಕಣ್ಣು ತೂಗುವುದು ನಿಲ್ಲದು. ಚಾರ್ಜಿಂಗ್‌ಗಾಗಿ ಅನಿವಾರ್ಯವಾಗಿ ನಿಲ್ಲಬೇಕಾದ ಅರ್ಧ ಗಂಟೆಯೇ ಈ ಕಾರುಗಳ ಅತ್ಯುತ್ತಮ ಸುರಕ್ಷತಾ ಸಾಧನವೆಂದರೂ ತಪ್ಪಾಗದು!

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಇಂತಹ ರಸ್ತೆಯಲ್ಲಿ ಈ ವ್ಯವಸ್ಥೆ ತಕ್ಕಮಟ್ಟಿಗೆ ಸಲ್ಲುತ್ತದೆ. ಊರುಗಳ ಬಳಿ ಮೀಡಿಯನ್ ಸೀಳಿದ ಹೆದ್ದಾರಿಗೆ ಬಂದರೆ ಚಿತ್ರವೇ ಬೇರೆ. ಅಡ್ಡ ಹಾಯುವ ವಾಹನ, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಸ್ತೆಯ ಮೇಲೇ ಹರಡಿದ ಒಕ್ಕಣೆ, ಯೂ-ಟರ್ನ್ ದೂರವೆಂದು ಎದುರಿನಿಂದಲೇ ಬರುವ ಬೈಕು. ವಿಲಿಸ್ಟನ್‌ನಲ್ಲಿ ಆಟೊಪೈಲಟ್ ಸೋತದ್ದು ಅಡ್ಡ ಹಾಯುವ ವಾಹನವಿರುವ ಇಂಥದೇ ರಸ್ತೆಯಲ್ಲಿ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಕೆಟ್ಟು ನಿಂತ ಲಾರಿ. ವೇಗವಾಗಿ ಚಲಿಸುವಾಗ ಸೇತುವೆ, ಫಲಕಗಳಿಂದ ಬರುವ ಪ್ರತಿಫಲನಕ್ಕೆಲ್ಲ ಬ್ರೇಕ್ ಹಾಕಬಾರದೆಂದು ರಾಡಾರ್ ವ್ಯವಸ್ಥೆಗಳು ನಿಶ್ಚಲ ವಸ್ತುಗಳಿಗೆ ಹೆಚ್ಚು ಬೆಲೆ ಕೊಡದಂತೆ ರೂಪುಗೊಂಡಿರುವುದುಂಟು. ನಿಂತ ವಾಹನ ಗುರುತಿಸದೆ ಹೋಗಬಹುದೆಂಬ ಎಚ್ಚರಿಕೆ ಅನೇಕ ಕಾರುಗಳ ಕೈಪಿಡಿಯಲ್ಲೇ ಇರುತ್ತದೆ, ಓದುವವರು ಯಾರು? ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟರೆ ನಮ್ಮ ಚಾಲಕನಿಗೆ ಅರ್ಥವಾಗುತ್ತದೆ. ಕ್ಯಾಮೆರಾಕ್ಕೆ ಅದು ಬರಿಯ ಕೊಂಬೆ.

ದೇಶದಲ್ಲಿ 2022ರೊಂದರಲ್ಲೇ ರಸ್ತೆ ಅಪಘಾತಕ್ಕೆ 1,68,491 ಮಂದಿ ಬಲಿಯಾದರು. ತಾನಾಗಿ ಬ್ರೇಕ್ ಹಾಕುವ ಸಾಧನ ಇದರಲ್ಲಿ ಕೆಲವು ಜೀವಗಳನ್ನಾದರೂ ಉಳಿಸೀತು. ಅದನ್ನು ಬೇಡವೆನ್ನುವುದು ಮೂರ್ಖತನ. ಬೀಪ್ ಸದ್ದು ಕಿರಿಕಿರಿಯೆಂದು ಇಡೀ ವ್ಯವಸ್ಥೆಯನ್ನೇ ಆರಿಸಿಡುವವರೂ, ಸ್ಟೀರಿಂಗ್ ಬಿಟ್ಟು ವಿಡಿಯೊ ಮಾಡುವವರೂ ನಮ್ಮಲ್ಲಿದ್ದಾರೆ. ಸಾಧನದ ಮಿತಿಯನ್ನು ಇಬ್ಬರಿಗೂ ಯಾರೂ ತಿಳಿಸಿದಂತಿಲ್ಲ. ಶೋರೂಂನ ಟೆಸ್ಟ್ ಡ್ರೈವ್‌ನಲ್ಲಿ ಸಿಗುವುದು ಮಿತಿಯ ಪಾಠವಲ್ಲ, ಸಾಮರ್ಥ್ಯದ ಪ್ರದರ್ಶನ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2025ರ ಮಾರ್ಚ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ತುರ್ತು ಬ್ರೇಕ್, ಲೇನ್ ಎಚ್ಚರಿಕೆಗಳ ಜತೆಗೆ ಚಾಲಕನ ತೂಕಡಿಕೆ ಪತ್ತೆ ಹಚ್ಚುವ ಸಾಧನವನ್ನೂ ಕಡ್ಡಾಯಗೊಳಿಸುವ ಪ್ರಸ್ತಾವವಿತ್ತು. ಅದು ಅನ್ವಯಿಸುವುದು ಬಸ್ಸು ಮತ್ತು ಟ್ರಕ್ಕುಗಳಿಗೆ. ತಂತ್ರಾಂಶಕ್ಕೆ ಸ್ಟೀರಿಂಗ್ ಒಪ್ಪಿಸಿ ಹುಬ್ಬಳ್ಳಿಗೋ ಗೋವಾಕ್ಕೋ ಹೊರಡುವ ಖಾಸಗಿ ಕಾರಿನ ಚಾಲಕ ಆ ಕರಡಿನ ವ್ಯಾಪ್ತಿಯಲ್ಲಿ ಇರಲಿಲ್ಲ.