ಸರ್ಕಾರ ಅರ್ಧ ಓದಿದ ಕ್ಷಯ ಸಂಶೋಧನೆ

ಬಡ ದೇಶವೊಂದರ ಸರ್ಕಾರವು ಆರೋಗ್ಯ ಸಂಶೋಧನೆಯ ಮಾತಿಗೆ ಯಾವಾಗ ಕಿವಿಗೊಡುತ್ತದೆ, ಕೇಳಿದ್ದರಲ್ಲಿ ಯಾವುದನ್ನು ನೀತಿಯಾಗಿ ಉಳಿಸಿಕೊಳ್ಳುತ್ತದೆ, ಯಾವುದನ್ನು ಕೈಬಿಡುತ್ತದೆ ಎಂಬುದನ್ನು ತಿಳಿಯಬಯಸುವವರು ಭಾರತದ ಕ್ಷಯರೋಗ ನಿಯಂತ್ರಣದ ಏಳು ದಶಕಗಳ ಚರಿತ್ರೆಯನ್ನು ಗಮನವಿಟ್ಟು ಓದಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನ ಈಗಲೂ ಈ ದೇಶದಲ್ಲಿದ್ದಾರೆ. ಹಾಗೆಂದು ಇಲ್ಲಿ ಸಂಶೋಧನೆಗೆ ಕೊರತೆಯಿತ್ತೆಂದಾಗಲಿ, ಸರ್ಕಾರ ಅದನ್ನು ಪೂರ್ತಿ ಕಡೆಗಣಿಸಿತೆಂದಾಗಲಿ ಹೇಳುವಂತಿಲ್ಲ. ಸರ್ಕಾರ ಕೇಳಿತು, ಆದರೆ ಖರ್ಚು ಕಡಿಮೆ ಮಾಡುವ ಅರ್ಧವನ್ನು ಕೇಳಿದಷ್ಟು ಆಸಕ್ತಿಯಿಂದ ಖರ್ಚು ಬೇಡುವ ಅರ್ಧವನ್ನು ಕೇಳಲಿಲ್ಲ.

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಕ್ಷಯವೆಂದರೆ ನಗರದ ಇಕ್ಕಟ್ಟಿನಲ್ಲಿ ಹುಟ್ಟುವ ಕಾಯಿಲೆ ಎಂಬ ಅಂದಿನ ನಂಬಿಕೆಯನ್ನು ಅಲ್ಲಗಳೆದು, ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ವ್ಯಾಪಕವಾಗಿದೆ ಎಂದು ತೋರಿಸಿತು. ಆ ಕಾಲದ ಚಿಕಿತ್ಸೆಯ ಕಲ್ಪನೆಯಾದರೋ ಸ್ಯಾನಿಟೋರಿಯಂಗಳ ಸುತ್ತ ಬೆಳೆದದ್ದು: ಊರಾಚೆಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ, ಶುದ್ಧ ಗಾಳಿ, ಹಾಲು, ಮೊಟ್ಟೆ, ಮಾಂಸ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಿಂತ ಆಸ್ಪತ್ರೆಯೂ ಮದನಪಲ್ಲಿಯ ಆರೋಗ್ಯವರಂ ಸ್ಯಾನಿಟೋರಿಯಂ ಕೂಡ ಇದೇ ಪರಂಪರೆಗೆ ಸೇರಿದವು. ಲಕ್ಷಗಟ್ಟಲೆ ರೋಗಿಗಳಿಗೆ ಹಾಸಿಗೆ ಒದಗಿಸುವುದು ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಆಗದ ಮಾತಾಗಿತ್ತು. 1952ರಲ್ಲಿ ಬಳಕೆಗೆ ಬಂದ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆಯನ್ನು ಇತರ ಔಷಧದ ಜೊತೆ ಮನೆಯಲ್ಲೇ ಕೊಟ್ಟರೆ ಸಾಕೇ ಎಂಬ ಪ್ರಶ್ನೆಗೆ ಉತ್ತರ ಪಡೆಯುವುದು ಸರ್ಕಾರಕ್ಕೇ ತುರ್ತಾಗಿತ್ತು.

ಆ ಪ್ರಶ್ನೆಯನ್ನು ಎತ್ತಿಕೊಂಡದ್ದು 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರ. ಭಾರತೀಯ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಗಳು, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಕೂಡಿ ನಡೆಸಿದ, ವಾಲೆಸ್ ಫಾಕ್ಸ್ ಅವರ ಮುಂದಾಳತ್ವದ ಆ ಪ್ರಯೋಗದಲ್ಲಿ ನಗರದ ಬಡ ರೋಗಿಗಳನ್ನು ಯಾದೃಚ್ಛಿಕವಾಗಿ, ಎಂದರೆ ವೈದ್ಯರ ಆಯ್ಕೆಗೂ ರೋಗಿಯ ಇಚ್ಛೆಗೂ ಎಡೆಯಿಲ್ಲದಂತೆ ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲಿ ಒಂದೇ ಔಷಧಗಳನ್ನು ಒಂದು ವರ್ಷ ಕೊಡಲಾಯಿತು. ಮನೆಯಲ್ಲಿದ್ದವರು ಇಕ್ಕಟ್ಟಿನ ಕೋಣೆಗಳಲ್ಲಿ ವಾಸಿಸುತ್ತ, ದುಡಿಯುತ್ತ, ತೀರ ಸಾಧಾರಣವಾದ ಆಹಾರ ಉಣ್ಣುತ್ತ ಇದ್ದರೂ ಅವರು ಗುಣವಾದ ಪ್ರಮಾಣ ಸ್ಯಾನಿಟೋರಿಯಂನವರಿಗೆ ಹತ್ತಿರವೇ ಇತ್ತು. ಅವರ ಮನೆಮಂದಿಗೆ ಸೋಂಕಿನ ಅಪಾಯವೂ ಅದರಿಂದ ಹೆಚ್ಚಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶವು ಶ್ರೀಮಂತ ದೇಶಗಳ ಸ್ಯಾನಿಟೋರಿಯಂಗಳ ಬಾಗಿಲನ್ನೂ ಮುಚ್ಚಿಸುವಷ್ಟು ಪ್ರಭಾವಶಾಲಿಯಾಯಿತು. ಬಡ ದೇಶದ ಪ್ರಶ್ನೆಗೆ ಬಡ ದೇಶದ ನೆಲದಲ್ಲೇ ಸಿಕ್ಕ ಉತ್ತರವೊಂದು ಇಡೀ ಜಗತ್ತಿನ ವೈದ್ಯಕೀಯ ಪದ್ಧತಿಯನ್ನು ಬದಲಿಸಿದ ಇಂಥ ಉದಾಹರಣೆಗಳು ಹೆಚ್ಚಿಲ್ಲ.

ಎರಡನೆಯ ಪ್ರಶ್ನೆ ರೋಗಿಗಳನ್ನು ಹುಡುಕುವುದು ಹೇಗೆ ಎಂಬುದು. ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಓಡಿಸಿ ಪ್ರತಿಯೊಬ್ಬರ ಎದೆಯ ಚಿತ್ರ ತೆಗೆಯಬೇಕೆಂಬುದು ಆಗಿನ ತಜ್ಞರಲ್ಲಿ ಅನೇಕರ ಮತ; ಹಳ್ಳಿಯ ಜನ ಅಜ್ಞಾನಿಗಳು, ತಾವಾಗಿ ವೈದ್ಯರ ಬಳಿ ಬಾರರು ಎಂಬ ಅಭಿಪ್ರಾಯ ಆ ಮತದ ಬೆನ್ನಿಗಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಮಾಜವಿಜ್ಞಾನಿ ವೈದ್ಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಮಾತನಾಡಿಸಿ ನಡೆಸಿದ ಅಧ್ಯಯನವು ಈ ಅಭಿಪ್ರಾಯವನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು, ಹೆಚ್ಚಿನವರಿಗೆ ಅದರ ಬಗ್ಗೆ ಆತಂಕವಿತ್ತು, ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಆದರೆ ಅಲ್ಲಿ ಕೆಮ್ಮಿನ ಔಷಧದ ಬಾಟಲಿ ಪಡೆದು ಮರಳಿದ್ದರು. ತಪ್ಪು ಜನರದಾಗಿರಲಿಲ್ಲ. ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಏರ್ಪಾಡು ಮಾಮೂಲಿ ಆಸ್ಪತ್ರೆಗಳಲ್ಲೇ ಇದ್ದರೆ ಅರ್ಧ ಕೆಲಸ ಆದಂತೆಯೇ ಎಂಬ ತಿಳಿವಿನ ಮೇಲೆ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು.

ಈ ತಿಳಿವು ಅಷ್ಟು ಬೇಗ ನೀತಿಯಾದದ್ದು ಒಂದು ಸಂಶೋಧನಾ ಪ್ರಬಂಧದ ಬಲದಿಂದಲ್ಲ. ಅಧ್ಯಯನ ಮಾಡಿದ ಸಂಸ್ಥೆಯೇ ಕಾರ್ಯಕ್ರಮದ ನಕ್ಷೆ ಬರೆಯಿತು, ಜಿಲ್ಲೆಗಳ ವೈದ್ಯಾಧಿಕಾರಿಗಳನ್ನೂ ಪ್ರಯೋಗಾಲಯದ ತಂತ್ರಜ್ಞರನ್ನೂ ಬೆಂಗಳೂರಿಗೆ ಕರೆಸಿ ತರಬೇತಿ ಕೊಟ್ಟಿತು. ಸಂಶೋಧಕನೂ ಸಂಶೋಧನೆಯನ್ನು ಜಾರಿಗೆ ತರುವ ಅಧಿಕಾರಿಯೂ ಒಂದೇ ಸೂರಿನ ಕೆಳಗಿದ್ದರು. ಆ ವರ್ಷಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ದುಡಿದ ಹಾಫ್‌ಡನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ, 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯ ವಾದವನ್ನು ಜಗತ್ತಿನ ಮುಂದಿಟ್ಟದ್ದಕ್ಕೂ ಈ ಅನುಭವಕ್ಕೂ ಸಂಬಂಧವಿಲ್ಲವೆನ್ನಲಾಗದು.

ಇಲ್ಲಿಯವರೆಗಿನದು ಹೆಮ್ಮೆಪಡುವ ಚರಿತ್ರೆ. ಆದರೆ ಮದ್ರಾಸಿನ ಫಲಿತಾಂಶದಿಂದ ಇನ್ನೊಂದು ತೀರ್ಮಾನವೂ ಹೊರಟಿತು: ಔಷಧವಿದ್ದರೆ ಆಹಾರ ಮುಖ್ಯವಲ್ಲ. ಮಾತ್ರೆ ನುಂಗುತ್ತಿರುವ ರೋಗಿಯ ಕಫದಿಂದ ರೋಗಾಣು ಮಾಯವಾಗಲು ಪುಷ್ಟಿಕರ ಆಹಾರ ಅನಿವಾರ್ಯವಲ್ಲ ಎಂಬಷ್ಟಕ್ಕೆ ಅದು ನಿಜ. ಆದರೆ ಒಬ್ಬನು ಕ್ಷಯಕ್ಕೆ ತುತ್ತಾಗುವುದೇ ಏಕೆ, ಚಿಕಿತ್ಸೆಯ ಮಧ್ಯೆ ಸಾಯುವವರು ಯಾರು, ಅದೇ ಮನೆಯಲ್ಲಿ ಉಪವಾಸವಿರುವ ಮಕ್ಕಳಿಗೆ ಮುಂದೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಆ ಪ್ರಯೋಗ ಉತ್ತರ ಹುಡುಕಲು ಹೊರಟದ್ದೇ ಅಲ್ಲ. ಸ್ಯಾನಿಟೋರಿಯಂನಲ್ಲಿದ್ದವರ ತೂಕ ಮನೆಯವರಿಗಿಂತ ಹೆಚ್ಚು ಏರಿತ್ತೆಂಬ ಸಂಗತಿ ದಾಖಲೆಯಲ್ಲಿಯೇ ಇತ್ತು. ಹೀಗಿದ್ದೂ ಸೀಮಿತವಾದ ಆ ತೀರ್ಮಾನ ಬೊಕ್ಕಸಕ್ಕೆ ಅನುಕೂಲವಾಗಿದ್ದರಿಂದ ಅದರ ಮಿತಿಯನ್ನು ಯಾರೂ ಜ್ಞಾಪಿಸಲಿಲ್ಲ. ಹಾಲು ಮೊಟ್ಟೆಗಳು ಕಾರ್ಯಕ್ರಮದಿಂದ ಮಾಯವಾಗಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕ್ಷಯವೆಂದರೆ ಮಾತ್ರೆಯ ವಿಷಯವಷ್ಟೇ ಆಗಿ ಉಳಿಯಿತು.

ಅಪೌಷ್ಟಿಕತೆಯಿಂದ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ, ಎದೆಯಲ್ಲಿ ವರ್ಷಗಳಿಂದ ಸುಪ್ತವಾಗಿ ಮಲಗಿರುವ ರೋಗಾಣು ಎಚ್ಚರಗೊಂಡು ಕಾಯಿಲೆಯಾಗುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಹೊಸದೇನಲ್ಲ. ಅದನ್ನು ನೀತಿ ಒಪ್ಪಬೇಕಾದರೆ ಪ್ರಯೋಗದ ಪುರಾವೆ ಬೇಕಿತ್ತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು, ಮದ್ರಾಸ್ ಕೇಂದ್ರವೇ ಬೆಳೆದು ರೂಪುಗೊಂಡ ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ ಜೊತೆಗೂಡಿ, ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ ನಡೆಸಿದ ‘ರೇಷನ್ಸ್’ ಪ್ರಯೋಗ ಆ ಪುರಾವೆಯನ್ನು ಒದಗಿಸಿತು. 2,800 ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕೆ.ಜಿ. ಆಹಾರದ ಬುಟ್ಟಿ ಸಿಕ್ಕಿತು. ಅವರ ಪೈಕಿ ಐವರಲ್ಲಿ ನಾಲ್ವರು ಚಿಕಿತ್ಸೆಯ ಆರಂಭದಲ್ಲಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದವರು. ಒಂದು ಗುಂಪಿನಲ್ಲಿ ಮಾತ್ರ ಮನೆಯ ಉಳಿದವರಿಗೂ ತಲೆಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಕೊಡಲಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ 39ರಷ್ಟು, ಇತರರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯ ಸುಮಾರು ಶೇ 48ರಷ್ಟು ಕಡಿಮೆಯಾಯಿತು ಎಂದು 2023ರ ಆಗಸ್ಟ್‌ನಲ್ಲಿ ಪ್ರಕಟವಾದ ವರದಿ ಹೇಳಿತು. ಇಷ್ಟು ರಕ್ಷಣೆ ಅಕ್ಕಿ ಬೇಳೆಯಿಂದ ದೊರೆತದ್ದು ಸಣ್ಣ ಸಂಗತಿಯಲ್ಲ.

ಸರ್ಕಾರ ಕಿವಿ ಮುಚ್ಚಿಕೊಂಡು ಕೂತಿಲ್ಲ. 2018ರಲ್ಲಿ ಆರಂಭವಾದ ನಿಕ್ಷಯ ಪೋಷಣ ಯೋಜನೆಯಡಿ ರೋಗಿಯ ಖಾತೆಗೆ ಜಮೆಯಾಗುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ. ಮನೆಮಂದಿಗೆ ಆಹಾರ ಒದಗಿಸುವ ಹೊಣೆ ಮಾತ್ರ ‘ನಿಕ್ಷಯ ಮಿತ್ರ’ರ, ಎಂದರೆ ರೋಗಿಗಳನ್ನು ದತ್ತು ಪಡೆದು ಆಹಾರದ ಬುಟ್ಟಿ ಕೊಡುವ ದಾನಿಗಳ, ಔದಾರ್ಯಕ್ಕೆ ಬಿದ್ದಿದೆ. ದಾನಿಗಳ ಮನಸ್ಸು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ, ಆದರೆ ದಾನಿ ಸಿಕ್ಕ ಊರಿನಲ್ಲಿ ಬುಟ್ಟಿ ಬರುವುದು, ಸಿಗದ ಊರಿನಲ್ಲಿ ಬಾರದಿರುವುದು ರೋಗ ತಡೆಯುವ ಕ್ರಮವಾಗಲಾರದು. ನಮ್ಮ ಸರ್ಕಾರ ಪೋಲಿಯೋ ಹನಿಯನ್ನು ದಾನಿಗಳ ಪಾಲಿಗೆ ಬಿಟ್ಟಿಲ್ಲ. ಹಳೆಯ ಓದಿನ ಚಾಳಿಯೇ ಇಲ್ಲಿಯೂ ಕಾಣುತ್ತದೆ: ಜಾರ್ಖಂಡಿನ ಪ್ರಯೋಗದ ಮುಖ್ಯ ಫಲಿತಾಂಶ ಮನೆಮಂದಿಯ ಕುರಿತಾದದ್ದು, ಬೊಕ್ಕಸದ ಹಣ ಹೋಗುತ್ತಿರುವುದು ರೋಗಿಯೊಬ್ಬನಿಗೆ.

ಇದನ್ನು ಸರಿಪಡಿಸಲು ಹೊಸ ಇಲಾಖೆಯೂ ಬೇಡ, ಹೊಸ ಪಟ್ಟಿಯೂ ಬೇಡ. ಬಡ ಕುಟುಂಬಗಳ ಸದಸ್ಯರ ಹೆಸರುಗಳು ಪಡಿತರ ಚೀಟಿಯಲ್ಲಿವೆ, ಹಳ್ಳಿಹಳ್ಳಿಗೂ ನ್ಯಾಯಬೆಲೆ ಅಂಗಡಿಯ ಸಂಪರ್ಕವಿದೆ, ಚಿಕಿತ್ಸೆಯಲ್ಲಿರುವವರ ವಿವರ ನಿಕ್ಷಯ ಜಾಲತಾಣದಲ್ಲಿ ದಾಖಲಾಗಿರುತ್ತದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪಡಿತರದಲ್ಲಿ ಧಾನ್ಯವುಂಟು, ಬೇಳೆಯಿಲ್ಲ. ಕ್ಷಯ ಪತ್ತೆಯಾದ ಮನೆಯ ಪ್ರತಿಯೊಬ್ಬರಿಗೂ ರೋಗಿಯ ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ ಒಂದೂವರೆ ಕೆ.ಜಿ. ಬೇಳೆಯನ್ನು ಹಕ್ಕಾಗಿ ಸೇರಿಸಲು ಆರೋಗ್ಯ ಇಲಾಖೆಯೂ ಆಹಾರ ಇಲಾಖೆಯೂ ಒಂದೇ ಆದೇಶಕ್ಕೆ ಸಹಿ ಹಾಕಬೇಕು, ಹಣಕಾಸು ಇಲಾಖೆ ಅದಕ್ಕೆ ಒಪ್ಪಬೇಕು.