ಮರ ಮರ ಮರ ಕೂಡಿದರೆ ಅಮರ

ಅಂಕಿಗಳ ಜಾಗದಲ್ಲಿ ಅಕ್ಷರಗಳನ್ನಿಟ್ಟು ಬಿಡಿಸುವ ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ, ಅದು ಇಂಗ್ಲಿಷಿನವರ ಆಟ ಎಂಬ ಮಾತನ್ನು ಗಣಿತದವರಿಂದಲೂ ಕೇಳಿದ್ದೇನೆ, ಸಾಹಿತ್ಯದವರಿಂದಲೂ ಕೇಳಿದ್ದೇನೆ. ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಈ ಎರಡು ಗುಂಪು ಇಲ್ಲಿ ಮಾತ್ರ ಒಂದಾಗಿರುವುದೇ ನನಗೆ ಅನುಮಾನ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಅಕ್ಷರಕ್ಕೆ ಒಂದೇ ಅಂಕಿ, ಬೇರೆ ಅಕ್ಷರಕ್ಕೆ ಬೇರೆ ಅಂಕಿ, ಯಾವ ಸಂಖ್ಯೆಯೂ ಸೊನ್ನೆಯಿಂದ ಶುರುವಾಗುವಂತಿಲ್ಲ. ಇವುಗಳಲ್ಲಿ ಹೆಸರಾಂತದ್ದು ಹೆನ್ರಿ ಡ್ಯೂಡೆನಿ 1924ರ ಜುಲೈನಲ್ಲಿ ಲಂಡನ್ನಿನ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕ: ‘ಸೆಂಡ್’ಗೆ ‘ಮೋರ್’ ಕೂಡಿದರೆ ‘ಮನಿ’. ಇಂಗ್ಲಿಷಿನಲ್ಲಿ ಬರೆದರೆ ನಾಲ್ಕಕ್ಷರಕ್ಕೆ ನಾಲ್ಕಕ್ಷರ ಸೇರಿ ಐದಕ್ಷರ; 9567ಕ್ಕೆ 1085 ಸೇರಿ 10652. ಇನ್ನಷ್ಟು ದುಡ್ಡು ಕಳಿಸಿ ಎಂದು ಓದಿಕೊಂಡರೂ ಸರಿ, ಕೂಡಿದರೂ ಸರಿ. ಅದರ ಸೊಗಸೇ ಅದು.

ಹೊನ್ನವಳ್ಳಿಯಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದ ಕೆಲವು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಅವರಿಗೆ ಈ ಆಟ ಸಿಗುವುದು ಎ, ಬಿ, ಸಿಗಳ ವೇಷದಲ್ಲಿ. ಸುತ್ತಲಿನ ವಾಕ್ಯವೆಲ್ಲ ಕನ್ನಡ, ಒಗಟು ಮಾತ್ರ ಇಂಗ್ಲಿಷ್ ಅಕ್ಷರ. ‘ಸಾರ್, ಇದು ಇಂಗ್ಲಿಷ್ ಪ್ರಶ್ನೆ ಅಲ್ವಾ?’ ಎಂದು ಪೆನ್ನು ಕೆಳಗಿಡುತ್ತಾರೆ. ಕೋಚಿಂಗಿಗೆ ಹೋಗಿ ಬಂದವರಿಗೆ ಡ್ಯೂಡೆನಿಯ ಉತ್ತರ ಬಾಯಿಪಾಠ: ‘ಎಂ ಅಂದ್ರೆ 1, ಓ ಅಂದ್ರೆ 0.’ ಯಾಕೆ ಎಂದರೆ ಮೌನ. ನಾಲ್ಕಂಕಿಯ ಎರಡು ಸಂಖ್ಯೆಗಳ ಮೊತ್ತ 19,998 ದಾಟಲಾರದು, ಆದ್ದರಿಂದ ಐದಂಕಿಯ ಮೊತ್ತ 1ರಿಂದಲೇ ಶುರುವಾಗಬೇಕು. ಇಷ್ಟೇ ಕಾರಣ. ಅಲ್ಲಿನ ಎಂಟು ಅಕ್ಷರಗಳಿಗೆ ಅಂಕಿ ಹಂಚುವ ದಾರಿಗಳು 18,14,400. ಈ ಒಂದು ಕಾರಣವೇ ಹತ್ತರಲ್ಲಿ ಒಂಬತ್ತು ಪಾಲು ದಾರಿಗಳನ್ನು ಮುಚ್ಚಿಬಿಡುತ್ತದೆ.

ತಿಪಟೂರು ಸೀಮೆಯವರಿಗೆ ಇದು ಹೊಸ ವಿದ್ಯೆಯಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಅಲುಗಾಡಿಸಿ, ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಸದ್ದಿನಿಂದಲೇ ಹೇಳುತ್ತಾರೆ. ಒಡೆಯದೆ ಒಳಗನ್ನು ತಿಳಿಯುವುದು ಅಂದರೆ ಇದು. ಅಂಥ ಮನೆಗಳ ಮಕ್ಕಳಿಗೆ ನಾವು ಊಹಿಸಿ ಟಿಕ್ ಹಾಕುವುದನ್ನು ಕಲಿಸುತ್ತಿದ್ದೇವೆ.

ಕನ್ನಡದಲ್ಲಿ ಅಕ್ಷರ ಜಾಸ್ತಿ, ಕಾಗುಣಿತ ಬೇರೆ, ಒತ್ತು ಬೇರೆ ಎನ್ನುತ್ತಾರೆ. ಇಂಗ್ಲಿಷಿನಲ್ಲೂ ಅಕ್ಷರ 26, ಅಂಕಿ ಹತ್ತೇ. ಒಂದು ಲೆಕ್ಕದೊಳಗೆ ಹತ್ತಕ್ಕಿಂತ ಹೆಚ್ಚು ಅಕ್ಷರ ಬರದಿದ್ದರೆ ಸಾಕು. ‘ಮ’ ಬೇರೆ, ‘ಮಾ’ ಬೇರೆ, ಒತ್ತಕ್ಷರವಿದ್ದರೆ ಸೇರಿ ಒಂದು ಎಂದು ನಿಯಮ ಮಾಡಿಕೊಂಡರೆ ಮುಗಿಯಿತು. ಇಂಥ ನಿಯಮ ನಮಗೆ ಹೊಸದೂ ಅಲ್ಲ. ಕಟಪಯಾದಿ ಪದ್ಧತಿಯಲ್ಲಿ ಸ್ವರ ಚಿಹ್ನೆಗೆ ಬೆಲೆಯಿಲ್ಲ, ವ್ಯಂಜನಕ್ಕಷ್ಟೇ ಅಂಕಿ. ‘ಮೇಚಕಲ್ಯಾಣಿ’ಯ ಮ 5, ಚ 6, ತಿರುಗಿಸಿ ಓದಿದರೆ 65, ಮೇಳಕರ್ತಗಳಲ್ಲಿ ಅದರ ಸ್ಥಾನ. ಅದು ಒಗಟಲ್ಲ, ನೆನಪಿಗೆ ಮಾಡಿಕೊಂಡ ಗುರುತು, ನಿಜ. ಆದರೆ ನಮ್ಮ ಅಕ್ಷರಕ್ಕೂ ಅಂಕಿಗೂ ಆಗಿಬರುವುದಿಲ್ಲ ಎಂಬ ಮಾತು ಅಲ್ಲಿಗೆ ಬಿತ್ತು.

ವಾದ ಸಾಕು, ಲೆಕ್ಕ ತೆಗೆದುಕೊಳ್ಳಿ:

ಮರ + ಮರ + ಮರ = ಅಮರ

ಎರಡೂ ಕಡೆಯಿಂದ ಒಂದೊಂದು ‘ಮರ’ ಕಳೆಯಿರಿ. ಎಡಕ್ಕೆ ಎರಡು ಮರ ಉಳಿದವು, ಬಲಕ್ಕೆ ‘ಅ’ದಷ್ಟು ನೂರು. ಹಾಗಾದರೆ ಒಂದು ಮರ ಅಂದರೆ ‘ಅ’ದಷ್ಟು ಐವತ್ತು. ‘ಅ’ 2 ಆದರೆ ಮರ 100 ಆಗಿ ಮೂರಂಕಿಗೆ ಹೋಗುತ್ತದೆ. ಆದ್ದರಿಂದ ಅ 1, ಮ 5, ರ 0. ಇದನ್ನು ಬಿಡಿಸಿದ ನಮ್ಮ ಹುಡುಗಿಯೊಬ್ಬಳು ‘ಸಮರ ಅಂತ ಬರೆದರೂ ಆಗುತ್ತೆ’ ಎಂದಳು. ಎ, ಬಿ, ಸಿ ಇಟ್ಟಿದ್ದರೆ ಆ ಮಾತು ಹುಟ್ಟುತ್ತಿತ್ತೇ?

ಮುಂದೆ ಪರೀಕ್ಷೆ ಇಂಗ್ಲಿಷಿನಲ್ಲೇ ಬರುತ್ತದಲ್ಲ ಎನ್ನುವವರಿಗೆ: ಕಾರಣ ಹುಡುಕುವುದನ್ನು ಒಮ್ಮೆ ಕಲಿತ ಮಗು ಯಾವ ಲಿಪಿಯಲ್ಲೂ ಹುಡುಕೀತು. ಕಂಪ್ಯೂಟರು ಕ್ಷಣದಲ್ಲಿ ಬಿಡಿಸುತ್ತದೆ ಎನ್ನುವವರಿಗೆ: ಬಿಡಿಸಲಿ, ಮಗುವಿಗೆ ಬೇಕಾದದ್ದು ಉತ್ತರವಲ್ಲ.

ಸಾಹಿತ್ಯದ ಗೆಳೆಯರ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚು. ಬೆಡಗಿನ ವಚನ ಬಿಡಿಸಲು ಸಂಜೆಗಟ್ಟಲೆ ಕೂರುವವರು ಅಂಕಿ ಕಂಡೊಡನೆ ಏಳುತ್ತೀರಿ. 12ನೇ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ ರಾಜಾದಿತ್ಯ ನಿಮಗೆ ಸಾಹಿತ್ಯ ಚರಿತ್ರೆಯ ಒಂದು ಹೆಸರು, ಅಷ್ಟೆ. ಒಳ್ಳೆಯ ಅಕ್ಷರಲೆಕ್ಕ ಕಟ್ಟಲು ಗಣಿತದ ಮೇಷ್ಟ್ರಿಗಿಂತ ಮೊದಲು ಬೇಕಾದವರು ಪದ ಬಲ್ಲ ನೀವು. ನಾಲ್ಕು ಮರ ಕೂಡಿದರೆ ‘ಅಮರ’ ಆಗುವುದೇ ಇಲ್ಲ. ಐದು ಕೂಡಿದರೆ ಮೂರು ಉತ್ತರ ಬಂದು ಒಗಟು ಕೆಡುತ್ತದೆ. ಯಾಕೆಂದು ನೋಡಿ, ಆಮೇಲೆ ನಿಮ್ಮೂರಿನ ಪದಗಳಲ್ಲಿ ಒಂದು ಲೆಕ್ಕ ಕಟ್ಟಿ ಹತ್ತಿರದ ಶಾಲೆಯ ಬೋರ್ಡಿನ ಮೇಲೆ ಬರೆದು ಬನ್ನಿ.