ಕಂಪ್ಯೂಟರನ್ನು ಬುಡದಿಂದ ಕಲಿಸಿರಿ

ಮುಳಬಾಗಿಲಿಗೆ ಹತ್ತಿರದ ಕುರುಡುಮಲೆಯಲ್ಲಿ ಸೋಮೇಶ್ವರ ದೇವಾಲಯವನ್ನು ನೋಡಿದವರಿಗೆ ಅಲ್ಲಿಯ ಜನ ಹೇಳುವ ಮಾತು ಗೊತ್ತಿರಬೇಕು. ಗುಡಿಯ ಒಂದು ಭಾಗ ಜಕಣಾಚಾರಿಯ ಕೆಲಸ, ಇನ್ನೊಂದು ಭಾಗ ಅವನ ಮಗ ಡಂಕಣನದು ಎನ್ನುತ್ತಾರೆ. ಇದು ನಿಜವೋ ಕಟ್ಟುಕತೆಯೋ, ಆ ಚರ್ಚೆ ವಿದ್ವಾಂಸರಿಗಿರಲಿ. ಉಳಿ ಹಿಡಿದು ಕೂತೇ ಅಪ್ಪನೂ ಮಗನೂ ಕಲಿತಿರಬೇಕು ಎಂಬುದರಲ್ಲಿ ಮಾತ್ರ ನಮಗೆ ಸಂಶಯವಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಊರೂರಿನಲ್ಲೂ ಕಂಪ್ಯೂಟರ್ ತರಬೇತಿಯ ಅಂಗಡಿಗಳಿವೆ. ಗಿರಣಿಯ ಕೂಲಿಯಲ್ಲಿ, ಚಿಲ್ಲರೆ ಅಂಗಡಿಯ ಲಾಭದಲ್ಲಿ ಉಳಿಸಿದ ಹಣವನ್ನು ಅಲ್ಲಿ ಕಟ್ಟುತ್ತೇವೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಹೇಳಿಕೊಟ್ಟು ಸರ್ಟಿಫಿಕೇಟು ಕೊಡುತ್ತಾರೆ. ನಾಳೆ ಕಂಪನಿಯವರು ಗುಂಡಿಯ ಜಾಗ ಬದಲಿಸಿದರೆ ಹುಡುಗನ ವಿದ್ಯೆಯೂ ಅಲ್ಲಿಗೇ ಮುಗಿಯಿತು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಮೊಬೈಲ್ ಫೋನುಗಳನ್ನು ಜೋಡಿಸುವ ಕೈಗಳು ನಮ್ಮ ಮಕ್ಕಳವು. ಆ ಫೋನಿನೊಳಗಿನ ಪ್ರೋಗ್ರಾಮಿಗೆ ಹಾಕಿದ ಬೀಗದ ಕೈ ಇರುವುದು ಸಮುದ್ರದಾಚೆ.

ಯಂತ್ರವನ್ನೂ ಮಿಕ್ಕೆಲ್ಲ ಪ್ರೋಗ್ರಾಮುಗಳನ್ನೂ ಹೊಂದಿಸಿ ನಡೆಸುವ ಬುಡದ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಗಿರಣಿಯ ಮೇಸ್ತ್ರಿ ಇದ್ದಂತೆ. ಮನುಷ್ಯರು ಓದಬಲ್ಲಂತೆ ಅದನ್ನು ಬರೆದದ್ದು ಮೂಲ ಬರಹ. ಅದನ್ನು ಯಂತ್ರದ ಅಂಕಿಗಳಾಗಿ ತಿರುಗಿಸಿದ್ದು ಮಾರಾಟದ ಸರಕು. ಸರಕು ಕೊಟ್ಟು ಬರಹವನ್ನು ಮುಚ್ಚಿಡುವುದು ಬಹುಪಾಲು ಕಂಪನಿಗಳ ಪದ್ಧತಿ.

ಈ ಪದ್ಧತಿ ಶಾಲೆಯ ಬಾಗಿಲನ್ನೂ ಹೇಗೆ ಮುಚ್ಚಿತೆಂಬುದನ್ನು ವಾಚಕರು ತಿಳಿಯಬೇಕು. ಆಸ್ಟ್ರೇಲಿಯಾದಲ್ಲಿ ಜಾನ್ ಲಯನ್ಸ್ ಎಂಬ ಮೇಷ್ಟ್ರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಸುಮಾರು 9,000 ಸಾಲುಗಳ ಮೂಲ ಬರಹವನ್ನೇ ಪಠ್ಯವಾಗಿಟ್ಟು, 1977ರ ಹೊತ್ತಿಗೆ ಅದಕ್ಕೊಂದು ವ್ಯಾಖ್ಯಾನ ಬರೆದರು. 1979ರಲ್ಲಿ ಅದರ ಒಡೆಯರಾದ ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿ, ಹೊಸ ಆವೃತ್ತಿಯ ಬರಹವನ್ನು ತರಗತಿಯಲ್ಲಿ ಪಾಠ ಮಾಡಕೂಡದೆಂದು ಕರಾರು ಹಾಕಿತು. ಕದ್ದ ಮಾಲಿನಂತೆ ಲಯನ್ಸರ ಪುಸ್ತಕದ ಜೆರಾಕ್ಸ್ ಪ್ರತಿಗಳು ವಿದ್ಯಾರ್ಥಿಗಳ ಕೈಯಿಂದ ಕೈಗೆ ಹೋದವು. ಬಹಿರಂಗವಾಗಿ ಅದು ಅಚ್ಚಾದದ್ದು 1996ರಲ್ಲಿ! ಪಾಠಕ್ಕೆ ಬರಹವೇ ಇಲ್ಲದಂತಾದಾಗ ಟಾನೆನ್‌ಬಾಮ್ ಎಂಬ ಇನ್ನೊಬ್ಬ ಮೇಷ್ಟ್ರು 1987ರಲ್ಲಿ ಮಿನಿಕ್ಸ್ ಎಂಬ ಚಿಕ್ಕ ಸಿಸ್ಟಂ ಒಂದನ್ನು ತಾವೇ ಬರೆದು ಹೊರತಂದರು. ಅದನ್ನು ಓದಿ, ಅದರ ಮೇಲೆ ಕೈ ಪಳಗಿಸಿಕೊಂಡ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದು ಲೋಕಕ್ಕೆ ಬಿಟ್ಟುಕೊಟ್ಟ. ಅದರ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಬರಹ ಹೀಗೆ ತೆರೆದಿರಬೇಕೆಂದು 1983ರಿಂದಲೇ ಪಟ್ಟುಹಿಡಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್.

ಈ ಲಿನಕ್ಸನ್ನು ಸಿದ್ಧ ರೂಪದಲ್ಲಿ ಹಾಕಿಕೊಳ್ಳದೆ ಮೂಲ ಬರಹದಿಂದಲೇ ಕಟ್ಟಿಕೊಳ್ಳಲು ದಾರಿ ತೋರುವ ಪುಸ್ತಕವೊಂದಿದೆ. ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’. ಗೆರಾರ್ಡ್ ಬೀಕ್‌ಮನ್ಸ್ ಆರಂಭಿಸಿದ ಇದರ ಮೊದಲ ಆವೃತ್ತಿ ಬಂದದ್ದು 1999ರಲ್ಲಿ. ಕಾಸು ಕೊಡಬೇಕಿಲ್ಲ. ಕಮ್ಮಾರನಿಗೆ ಇಕ್ಕಳ ಮಾಡಲು ಮೊದಲೊಂದು ಇಕ್ಕಳ ಬೇಕಲ್ಲವೆ? ಇಲ್ಲಿಯೂ ಹಾಗೆಯೇ. ಹಳೆಯ ಸಿಸ್ಟಮಿನ ಸಲಕರಣೆ ಸಾಲ ಪಡೆದು ತಾತ್ಕಾಲಿಕ ಸಲಕರಣೆ ಮಾಡಿಕೊಳ್ಳಬೇಕು. ಅದರಿಂದ ನಿಜವಾದ ಸಲಕರಣೆ, ಅದರಿಂದ 80ರಷ್ಟು ಪ್ರೋಗ್ರಾಮು, ಕೊನೆಗೆ ಲಿನಕ್ಸಿನ ತಿರುಳು. ಕಾಲವನ್ನು ಅಳೆಯುವ ರೀತಿ ನಮಗೆ ಬಹಳ ಹಿಡಿಸಿತು. ಮೊದಲ ಪ್ರೋಗ್ರಾಮು ಕಟ್ಟಲು ನಿಮ್ಮ ಯಂತ್ರಕ್ಕೆ ಹಿಡಿದ ಹೊತ್ತೇ ಒಂದು ಅಳತೆ. ಮಿಕ್ಕವೆಲ್ಲ ಅದರ ಇಷ್ಟು ಪಟ್ಟು ಎಂದು ಲೆಕ್ಕ. ಬಡವನ ಹಳೆಯ ಯಂತ್ರಕ್ಕೂ ಸಾಹುಕಾರನ ಹೊಸ ಯಂತ್ರಕ್ಕೂ ಒಂದೇ ಪುಸ್ತಕ ಸಾಕು.

ಅರ್ಧ ಗಂಟೆಯಲ್ಲಿ ಸಿದ್ಧ ಲಿನಕ್ಸ್ ಹಾಕಬಹುದಾದಾಗ ದಿನಗಟ್ಟಲೆ ಈ ಒದ್ದಾಟವೇಕೆ ಎಂದು ಕೇಳುವವರಿದ್ದಾರೆ. ದಿನದ ವ್ಯವಹಾರಕ್ಕೆ ಸಿದ್ಧವಾದದ್ದೇ ವಾಸಿ, ಒಪ್ಪುತ್ತೇವೆ. ಪುಸ್ತಕದ ಸಾಲುಗಳನ್ನು ನಕಲು ಹೊಡೆದರೆ ಇದೂ ಗುಂಡಿ ಒತ್ತಿದಂತೆಯೇ ಎಂಬುದನ್ನೂ ಒಪ್ಪುತ್ತೇವೆ. ಆದರೆ ನಡುವೆ ಕೆಲಸ ಕೆಟ್ಟು ನಿಲ್ಲುತ್ತದೆ, ನಿಲ್ಲದೆ ಇರುವುದಿಲ್ಲ. ಆಗ ಹುಡುಗ ಹಿಂದಕ್ಕೆ ಹೋಗಿ, ಯಾವುದು ಯಾವುದರ ಮೇಲೆ ನಿಂತಿದೆ ಎಂದು ಹುಡುಕಬೇಕು. ಮಗ್ಗ ಬಿಚ್ಚಿ ಜೋಡಿಸಿದ ಕಾರ್ಮಿಕನಿಗೂ ಬರೀ ಮಗ್ಗ ನಡೆಸಿದವನಿಗೂ ಇರುವ ಅಂತರವನ್ನು ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ.

ನಿಜವಾದ ಅಡ್ಡಿ ಬೇರೆ: ಪುಸ್ತಕ ಇಂಗ್ಲಿಷಿನಲ್ಲಿದೆ. ಚಹದಂಗಡಿಯಲ್ಲಿ ಒಬ್ಬ ಪತ್ರಿಕೆ ಓದಿ ಹತ್ತು ಜನ ಕೇಳುವುದು ನಮಗೆ ಹೊಸದಲ್ಲ. ಹಾಗೆಯೇ ಒಬ್ಬ ಓದಿ ಕನ್ನಡದಲ್ಲಿ ಹೇಳಲಿ, ಮೂವರು ಕೈ ಹಾಕಲಿ. ಸರ್ಕಾರಿ ಐ.ಟಿ.ಐ.ಗಳವರೂ ಪಾಲಿಟೆಕ್ನಿಕ್‌ನವರೂ ಹಳೆಯದೆಂದು ಮೂಲೆಗಿಟ್ಟ ಯಂತ್ರಗಳನ್ನು ಇದಕ್ಕೆ ಕೊಡತಕ್ಕದ್ದು. ಅವು ಕೆಟ್ಟರೆ ನಷ್ಟ ಯಾರಿಗೂ ಇಲ್ಲ. ಬೇಕಾದ ಬರಹವೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ನಾಲ್ವರು ಹುಡುಗರಿಗೆ ಒಂದು ಯಂತ್ರವೆಂದು ಮುಳಬಾಗಿಲಿನಲ್ಲೇ ಮೊದಲು ಮಾಡಲಿ. ಕುರುಡುಮಲೆಯ ಹುಡುಗರು ಬಸ್ಸು ಹತ್ತಿ ಬಂದಾರು.